ಮಕ್ಕಳನ್ನು ಮೊಬೈಲ್ ಆಟದ ಚಟದಿಂದ ಬಿಡಿಸುವ ಬಗೆ

ಮಂಡ್ಯದಂಥ ಊರಿನಲ್ಲೂ ಮಗ ರಾತ್ರಿಯಿಡೀ ಆನ್‌ಲೈನ್ ಆಟದಲ್ಲಿ ಮುಳುಗಿ ಊಟ, ನಿದ್ದೆ, ಓದು ಮೂರನ್ನೂ ಮರೆತಿದ್ದರೆ, ಮೊಬೈಲನ್ನು ಕಿತ್ತುಕೊಳ್ಳುವ ಮೊದಲು ಒಂದು ವಾರ ಅವನು ಯಾವ ಹೊತ್ತಿನಲ್ಲಿ, ಎಷ್ಟು ಗಂಟೆ ಆಡುತ್ತಾನೆಂಬುದನ್ನು ಬರೆದಿಡಿ. ಏಕಾಏಕಿ ಕಿತ್ತುಕೊಂಡರೆ ಹಟವೂ ಸುಳ್ಳೂ ಬೆಳೆಯುತ್ತವೆ. ಬಳಿಕ ಅವನೊಡನೆ ಕುಳಿತು ಮಾತನಾಡಿ, ಆಟದ ಅವಧಿಯನ್ನು ಹಂತಹಂತವಾಗಿ ಇಳಿಸಿ. ರಾತ್ರಿ ಒಂಬತ್ತರ ನಂತರ ಎಲ್ಲರ ಮೊಬೈಲುಗಳೂ, ಅಪ್ಪನದೂ ಸೇರಿ, ನಡುಮನೆಯಲ್ಲೇ ಇರಲಿ. ಯುಪಿಐ ಪಿನ್ ಮಕ್ಕಳಿಗೆ ತಿಳಿಯಬಾರದು. ಹಣ ಕಟ್ಟಿ ಆಡುವ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ, ವಂಚನೆಯಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಿಡಿತ ತಪ್ಪಿದ ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಕಾಯಿಲೆಗಳ ಪಟ್ಟಿಗೆ ಸೇರಿಸಿರುವುದರಿಂದ, ಬೈಗುಳಕ್ಕಿಂತ ಚಿಕಿತ್ಸೆ ಮೇಲು: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಇಲ್ಲವೇ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಾದ ಮಿಮ್ಸ್‌ನ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು.