ಮಾಸು ಎರಡು, ಅಂಡ ಒಂದೇ

ಮಿದುಳಿನ ರೂಪದಲ್ಲಿ ಜೀನ್‌ಗಳ ಪಾಲೆಷ್ಟು ಎಂದು ಲೆಕ್ಕ ಹಾಕಲು ಅವಳಿಗಳ ಮಿದುಳಿನ ಎಂಆರ್‌ಐ ಮಾಡುವ ಕೆಲಸಕ್ಕೆ ಪುಣೆಯಲ್ಲಿ ಸೇರಿದಾಗ, ಕಷ್ಟವೆಲ್ಲ ಕಂಪ್ಯೂಟರಿನಲ್ಲಿ ಇರುತ್ತದೆ ಅಂದುಕೊಂಡಿದ್ದೆ. ಮೊದಲ ಕನ್ನಡದ ಜೋಡಿ ಬಂದಿದ್ದು ಪುಣೆಯದೇ ಬಡಾವಣೆ ಕೊಥ್ರೂಡಿನಿಂದ. ಮೂಲ ಸೊಲ್ಲಾಪುರ ಕಡೆಯವರು. ಜೊತೆಗಿದ್ದ ತಾಯಿ ಹೆರಿಗೆಯ ಹಳೇ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು. 'ಮಾಸು ಎರಡಿದ್ದುವ್ರಿ. ಇಬ್ರೂ ಬ್ಯಾರೆ ಬ್ಯಾರೆ ಅಂತ ಡಾಕ್ಟರ್ ಆಗಲೇ ಹೇಳ್ಯಾರ.' ನಾನೂ ಫಾರಂನಲ್ಲಿ 'ಎರಡು ಅಂಡದವರು' ಎಂದು ಬರೆದುಬಿಟ್ಟೆ.

ಇಡೀ ಲೆಕ್ಕ ನಿಂತಿರುವುದೇ ಆ ಗುರುತಿನ ಮೇಲೆ. ಒಂದೇ ಅಂಡ ಸೀಳಿ ಹುಟ್ಟಿದವರ ಡಿಎನ್‌ಎ ಹೆಚ್ಚುಕಡಿಮೆ ಪೂರ್ತಿ ಒಂದೇ. ಎರಡು ಅಂಡದವರು ಉಳಿದ ಅಣ್ಣತಮ್ಮಂದಿರಂತೆ, ಸರಾಸರಿ ಅರ್ಧ ಹಂಚಿಕೊಂಡವರು. ಜೋಡಿಯೊಳಗಿನ ಮಿದುಳಿನ ಗಾತ್ರದ ಹೋಲಿಕೆ (1 ಅಂದರೆ ಪೂರ್ತಿ ಹೊಂದಿಕೆ, 0 ಅಂದರೆ ಏನೂ ಇಲ್ಲ) ಮೊದಲ ಗುಂಪಿನಲ್ಲಿ 0.9, ಎರಡನೆಯದರಲ್ಲಿ 0.5 ಬಂತು ಅನ್ನಿ. ಅಂತರ 0.4, ಅದರ ದುಪ್ಪಟ್ಟು 0.8. ಅಂದರೆ ಜನರ ನಡುವಿನ ಗಾತ್ರದ ಏರುಪೇರಿನಲ್ಲಿ ಶೇ 80 ಅನುವಂಶೀಯ. ಇದು ಫಾಲ್ಕನರ್ ಸೂತ್ರ, ಎರಡೂ ಗುಂಪು ಬೆಳೆದ ವಾತಾವರಣ ಒಂದೇ ತೆರನದು ಎಂದು ಹಿಡಿದರೆ. (ನಿಮ್ಮ ಮಿದುಳಿನ ಶೇ 80 ಭಾಗ ಅಪ್ಪ-ಅಮ್ಮನದು ಅಂತಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ!) ಒಂದೇ ಅಂಡದ ಜೋಡಿ ತಪ್ಪಿ ಎರಡನೇ ಗುಂಪಿಗೆ ಬಿದ್ದರೆ ಅಲ್ಲಿನ ಹೋಲಿಕೆ ಉಬ್ಬುತ್ತದೆ, ಜೀನ್‌ಗಳ ಪಾಲು ಕುಗ್ಗಿ ಕಾಣುತ್ತದೆ. ನಾವೆಲ್ಲ ಓದಿ ಕಲಿತ, ಮಿದುಳು ಸಂಶೋಧಕ ಪಾಲ್ ಥಾಂಪ್ಸನ್ ತಂಡದ 2001ರ ಅವಳಿಗಳ ಅಧ್ಯಯನದಲ್ಲಿದ್ದದ್ದು ಗುಂಪಿಗೆ 10ರಂತೆ ಒಟ್ಟು 20 ಜೋಡಿ ಅಷ್ಟೇ. ಅಂಥ ಲೆಕ್ಕದಲ್ಲಿ ಒಂದು ಜೋಡಿ ತಪ್ಪಿದರೂ ಪೆಟ್ಟು ಜೋರು.

ಕೊಥ್ರೂಡಿನ ಜೋಡಿಯ ಕೆನ್ನೆಯೊಳಗಿಂದ ಒರೆಸಿ ತೆಗೆದ ಸ್ವಾಬ್‌ನ ಡಿಎನ್‌ಎ ವರದಿ ಬಂತು: ಒಂದೇ ಅಂಡ. ಸೀಳುವಿಕೆ ಮೊದಲ ಮೂರು ದಿನದೊಳಗೆ ಆದರೆ ಮಾಸೂ ಎರಡಾಗಬಹುದು. ಒಂದೇ ಅಂಡದ ಅವಳಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಜೋಡಿ ಹಾಗೇ. ಅಂದಿನಿಂದ ವರದಿ ಬರುವ ತನಕ ಆ ಕಾಲಂ ಖಾಲಿ ಬಿಡುತ್ತೇನೆ.

ಇನ್ನೊಂದು ಜೋಡಿಯಲ್ಲಿ ಅಣ್ಣನ ಸ್ಕ್ಯಾನ್ ಮುಗಿದ ಮೇಲೆ ಯಂತ್ರದ ಸಾಫ್ಟ್‌ವೇರ್ ಬದಲಾಯಿತು, ತಮ್ಮ ಬಂದದ್ದು ಮರುವಾರ. ಕಾರ್ಟೆಕ್ಸಿನ (ಮಿದುಳಿನ ಹೊರಪದರದ) ದಪ್ಪದಲ್ಲಿ ಕಂಡ ವ್ಯತ್ಯಾಸ ತಮ್ಮನದೋ ಯಂತ್ರದ್ದೋ ಬಿಡಿಸಲಾಗದೆ ಜೋಡಿಯನ್ನೇ ಕೈಬಿಟ್ಟೆವು.

ಕೊಥ್ರೂಡಿನ ತಾಯಿಗೆ ಫಲಿತಾಂಶ ಹೇಳಿ, ಮಕ್ಕಳು ಒಪ್ಪಿದ ಮೇಲೆ ಇಬ್ಬರ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಗಾತ್ರ, ಆಕಾರ ಅಚ್ಚು ಹೊಡೆದಂತೆ. ಮೇಲಿನ ಸಣ್ಣ ಮಡಿಕೆಗಳು ಮಾತ್ರ ಒಂದೇ ಅಂಡದವರಲ್ಲೂ ಕೂಡಿಬರುವುದಿಲ್ಲ. ಅವರು ಅದರ ಮೇಲೇ ಬೆರಳಿಟ್ಟರು: 'ನೋಡ್ರಿ, ನಾ ಹೇಳಿದ್ದಿಲ್ಲೇನು, ಬ್ಯಾರೆ ಬ್ಯಾರೆ ಅಂತ?'