ಐವತ್ತು ಹರ್ಟ್ಸ್‌ಗೆ ಶ್ರುತಿ ಹೊಂದಿಸಿದ ಆಲ್ಬಮ್

ಯಂತ್ರಗಳ ಸದ್ದನ್ನು ಸಂಗೀತಕ್ಕೆ ಬೆರೆಸುವ ಇಂಡಸ್ಟ್ರಿಯಲ್ ರಾಕ್ ಹಾಡು ಕಾರ್ಖಾನೆಯ ಗದ್ದಲದಿಂದ ಶುರುವಾಗಿ, ಅರೆ ನಿಮಿಷದಲ್ಲಿ ಎಲ್ಲರೂ ನುಡಿಸುವ ಗಿಟಾರಿಗೇ ಜಾರಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಬರ್ಲಿನ್ನಿನ ಐನ್‌ಸ್ಟ್ಯುರ್ಟ್ಸೆಂಡೆ ನೊಯ್‌ಬೌಟನ್ ತಂಡ 1981ರ ತನ್ನ ಮೊದಲ ಆಲ್ಬಮ್‌ನಲ್ಲಿ ಗುಜರಿ ಲೋಹವನ್ನೇ ವಾದ್ಯವಾಗಿಸಿತು. ಬೆಂಗಳೂರಿನ ನಮ್ಮ ತಂಡ ಮೊದಲ ಆಲ್ಬಮ್‌ಗೆ ಕೈಹಾಕಿದಾಗ, ಪೀಣ್ಯ ಕೈಗಾರಿಕಾ ಪ್ರದೇಶದ ಯಂತ್ರಗಳು ಮುಂದೆ, ನಾವು ಅವುಗಳ ಹಿಂದೆ ಎಂದು ನಿರ್ಧರಿಸಿದೆವು.

ಮೊದಲ ಪ್ರಶ್ನೆ ಶ್ರುತಿಯದು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಮೋಟಾರು, ಟ್ರಾನ್ಸ್‌ಫಾರ್ಮರುಗಳ ಗುಂಯ್ಗುಡುವಿಕೆ ಹೆಚ್ಚಾಗಿ ಅದರ ಎರಡರಷ್ಟು, ಅಂದರೆ 100 ಹರ್ಟ್ಸ್‌ನಲ್ಲಿ ಕೇಳುತ್ತದೆ. ಗಿಟಾರಿನ ಕೆಳಗಿನ ‘ಜಿ’ ಸ್ವರ 98 ಹರ್ಟ್ಸ್. ವ್ಯತ್ಯಾಸ ಸುಮಾರು 35 ಸೆಂಟ್, ಅರ್ಧ ಸ್ವರದ ಮೂರನೇ ಒಂದು ಭಾಗದಷ್ಟು. ಸಾಫ್ಟ್‌ವೇರಿನಲ್ಲಿ ಯಂತ್ರದ ದನಿಯ ಶ್ರುತಿಯನ್ನು ತಗ್ಗಿಸಬಹುದಿತ್ತು. ಅದರ ಬದಲು ಗಿಟಾರ್, ಬೇಸ್ ಎರಡನ್ನೂ 35 ಸೆಂಟ್ ಏರಿಸಿ, ‘ಜಿ’ಯನ್ನು ಆಧಾರ ಷಡ್ಜವಾಗಿ ಇಟ್ಟುಕೊಂಡೆವು. ಯಂತ್ರವೇ ತಂಬೂರಿಯಾಯಿತು. 60 ಹರ್ಟ್ಸ್‌ನ ಅಮೆರಿಕದಲ್ಲಿ ಇದೇ ಆಲ್ಬಮ್ ಮಾಡಿದ್ದರೆ ಅದರ ಆಧಾರ ಸ್ವರವೇ ಬೇರೆಯಾಗಿರುತ್ತಿತ್ತು ಎಂಬುದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ.

ತಾಳ, ಲೋಹದ ಶೀಟನ್ನು ಒತ್ತಿ ಕತ್ತರಿಸುವ ಪವರ್ ಪ್ರೆಸ್‌ನದು. ಎಸ್.ಪಿ. ರಸ್ತೆಯಲ್ಲಿ ಕೊಂಡ, ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪೀಜೋ ಡಿಸ್ಕನ್ನು ಪ್ರೆಸ್ಸಿನ ಮೈಗೆ ಅಂಟಿಸಿ, ತಂತಿಯನ್ನು ರೆಕಾರ್ಡರಿನ ಗಿಟಾರ್ ಇನ್‌ಪುಟ್‌ಗೆ ಕೊಟ್ಟೆವು. ಮಾಮೂಲಿ ಮೈಕ್ ಇನ್‌ಪುಟ್‌ಗೆ ಕೊಟ್ಟರೆ ತಗ್ಗಿನ ನಾದವೆಲ್ಲ ಸೋರಿಹೋಗುತ್ತದೆ. ಎರಡು ಮೀಟರ್ ದೂರದಲ್ಲಿ ಇನ್ನೊಂದು ಮೈಕ್. ಗಾಳಿಯಲ್ಲಿ ಸದ್ದು ಅಷ್ಟು ದೂರ ಸಾಗಲು ಸುಮಾರು 6 ಮಿಲಿಸೆಕೆಂಡ್ ಬೇಕು. ಆದ್ದರಿಂದ ಎರಡೂ ಟ್ರ್ಯಾಕ್‌ಗಳ ಅಲೆಗಳನ್ನು ಒಂದೇ ಗೆರೆಗೆ ಎಳೆದು ಕೂಡಿಸಿದೆ. ಡಿಸ್ಕಿನಿಂದ ಎದೆಗೆ ನಾಟುವ ಪೆಟ್ಟು ಬಂತು, ಮೈಕಿನಿಂದ ಶೀಟ್ ಕತ್ತರಿಸುವ ಕಿರುಚು. ಬೇರೆ ಕಿಕ್ ಡ್ರಮ್ ಬೇಕಾಗಲಿಲ್ಲ.

ಕೇಳುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಆ ಪ್ರೆಸ್ ತಾನಾಗಿ ಓಡುವುದಲ್ಲ. ಆಪರೇಟರ್ ತುಂಡು ಇಟ್ಟು, ಕೈ ಹಿಂದೆಗೆದು, ಪೆಡಲ್ ಒತ್ತಿದಾಗಲೇ ಪೆಟ್ಟು ಬೀಳುತ್ತದೆ. ನಾವು ಯಂತ್ರದ್ದೆಂದುಕೊಂಡಿದ್ದ ಲಯ ಅವರ ಕಾಲಿನದು. ಶಿಫ್ಟ್ ಮುಗಿಯುತ್ತಾ ಬಂದಂತೆ ಅದು ಕೊಂಚ ನಿಧಾನವಾಗುತ್ತಿತ್ತು. ಪೆಟ್ಟುಗಳನ್ನು ಕಂಪ್ಯೂಟರಿನ ಸಮ ಅಂತರದ ಗೆರೆಗಳಿಗೆ ಕೂರಿಸಲು ನಾನು ಒಪ್ಪಲಿಲ್ಲ. ನಮ್ಮ ಡ್ರಮ್ಮರ್ ಸಮ ವೇಗದ ಟಿಕ್‌ಟಿಕ್ ಕೇಳಿಸುವ ಕ್ಲಿಕ್ ಟ್ರ್ಯಾಕ್ ಬಿಟ್ಟು, ಹೆಡ್‌ಫೋನಿನಲ್ಲಿ ಪ್ರೆಸ್ಸನ್ನೇ ಕೇಳುತ್ತಾ ನುಡಿಸಿದ. ಇಡೀ ಆಲ್ಬಮ್‌ನ ಜೀವ ಆ ಸಣ್ಣ ಏರುಪೇರಿನಲ್ಲಿದೆ.

ಹಾಡುಗಾರಿಕೆಗೆ ಮಾತ್ರ ಲೋಹ ಶತ್ರು. 2ರಿಂದ 4 ಕಿಲೋಹರ್ಟ್ಸ್ ನಡುವೆ ಲೋಹದ ಸದ್ದು, ಹಾಡುವ ದನಿ ಎರಡೂ ಒಂದರ ಮೇಲೊಂದು ಬಿದ್ದು ನಮ್ಮ ಒತ್ತಕ್ಷರಗಳು ಮುಳುಗುತ್ತವೆ. ದನಿ ಬಂದಾಗ ಮಾತ್ರ ಲೋಹದ ಆ ಪಟ್ಟಿ ತಗ್ಗುವಂತೆ ಡೈನಮಿಕ್ ಈಕ್ಯೂ ಹಾಕಿದೆ. ಒರಟುತನ ತರುವ ಡಿಸ್ಟಾರ್ಷನ್ನನ್ನು ದನಿಯ ನಕಲು ಟ್ರ್ಯಾಕಿಗಷ್ಟೇ ಕೊಟ್ಟು ಮೂಲದ ಕೆಳಗೆ ಬೆರೆಸಿದೆ.

ಬಿಡುಗಡೆಗೆ ಮುನ್ನ ಪೂರ್ತಿ ಮಿಕ್ಸನ್ನು ಆಪರೇಟರ್ ಅವರಿಗೆ ಕೇಳಿಸಿ ಒಪ್ಪಿಗೆ ಪಡೆದೆವು. ತಾಳವಾದ್ಯದ ಸಾಲಿನಲ್ಲಿ ಡ್ರಮ್ಮರನ ಹೆಸರಿಗಿಂತ ಮೊದಲು ಅವರ ಹೆಸರಿದೆ. ಬಂದ ಹಣದಲ್ಲಿ ತಂಡದವರಷ್ಟೇ ಪಾಲೂ ಇದೆ.