ಜಾವಾ 17ಕ್ಕೆ ಬದಲಿಸಿದರೂ ಮೇವನ್ 11ರಲ್ಲೇ ಓಡುತ್ತಿತ್ತು

ನನ್ನ ಉಬುಂಟುವಿನಲ್ಲಿ ಜಾವಾ 11, 17 ಎರಡೂ ಇವೆ. ಯಾವ ಜಾವಾ ಬೇಕೆಂದು ಆರಿಸುವ ಅಪ್‌ಡೇಟ್-ಆಲ್ಟರ್ನೇಟಿವ್ಸ್ ಕಮಾಂಡ್ ಕೊಟ್ಟು, ಬಂದ ಪಟ್ಟಿಯಲ್ಲಿ 17ರ ಮುಂದಿನ ನಂಬರ್ ಒತ್ತಿದೆ. ಜಾವಾ ವರ್ಷನ್ ಕೇಳಿದರೆ 17 ಅಂತಲೇ ತೋರಿಸಿತು. ಆದರೆ ಜಾವಾ ಪ್ರಾಜೆಕ್ಟ್ ಬಿಲ್ಡ್ ಮಾಡುವ ಟೂಲ್ ಆದ ಮೇವನ್‌ನ ಬಿಲ್ಡ್ ಮಾತ್ರ 'ಇನ್‌ವ್ಯಾಲಿಡ್ ಟಾರ್ಗೆಟ್ ರಿಲೀಸ್: 17' ಅಂತ ನಿಂತುಬಿಡುತ್ತಿತ್ತು.

ಇಂಥ ಹೊತ್ತಲ್ಲಿ ಸುಮ್ನೆ ಎಲ್ಲವನ್ನೂ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಮೇವನ್‌ನದೇ ವರ್ಷನ್ ಕೇಳಿ, ಅದು ಯಾವ ಜಾವಾ ಬಳಸುತ್ತಿದೆ ಅಂತಲೂ ಅಲ್ಲೇ ಹೇಳುತ್ತದೆ. ನನಗೆ 11 ಅಂತ ಬಂತು! ಮೇವನ್ ಮೊದಲು ನೋಡುವುದು ಜಾವಾ ಯಾವ ಫೋಲ್ಡರಿನಲ್ಲಿದೆ ಅಂತ ಹೇಳುವ ಜಾವಾ_ಹೋಮ್ (JAVA_HOME) ವೇರಿಯಬಲನ್ನು, ಅದು ಇಲ್ಲದಿದ್ದರೆ ಮಾತ್ರ ಪಾತ್‌ನಲ್ಲಿರುವ (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಜಾವಾವನ್ನು. ಆಲ್ಟರ್ನೇಟಿವ್ಸ್ ಬರೀ ಜಾವಾ ಕಮಾಂಡಿನ ಲಿಂಕ್ ಬದಲಿಸುತ್ತದೆ, ಜಾವಾ_ಹೋಮ್ ತಂಟೆಗೇ ಹೋಗಲ್ಲ.

ಟರ್ಮಿನಲ್ ತೆರೆದಾಗ ಓದಲ್ಪಡುವ ಬ್ಯಾಶ್‌ಆರ್‌ಸಿ (.bashrc) ಫೈಲಿನಲ್ಲಿ ನನ್ನ ಜಾವಾ_ಹೋಮ್ ಇನ್ನೂ 11ನ್ನೇ ತೋರಿಸುತ್ತಿತ್ತು. ಆ ಸಾಲಲ್ಲಿ 17ರ ಫೋಲ್ಡರ್ ಕೊಟ್ಟು ಹೊಸ ಟರ್ಮಿನಲ್ ತೆರೆದೆ, ಬಿಲ್ಡ್ ಆಯ್ತು. ಜಾವಾ ಕಂಪೈಲರ್ ಆದ ಜಾವಾಸಿ (javac) ಕಮಾಂಡಿಗೆ ಬೇರೆಯೇ ಲಿಂಕ್ ಇರುತ್ತದೆ, ಅದನ್ನೂ ಬದಲಿಸಿಕೊಳ್ಳಿ.